ಕರೆಂಟ್ ಹೋದರೂ ನುಡಿಸಬೇಕು: ರಾಕ್‌ಸ್ಮಿತ್ ಆಟದ ಜೊತೆ ಗಿಟಾರ್ ಕಲಿಯುವ ಸಮಗ್ರ ಮಾರ್ಗದರ್ಶಿ

ನನ್ನ ಅಕ್ಕನ ಮಗ ಎರಡು ತಿಂಗಳಿಂದ ರಾಕ್‌ಸ್ಮಿತ್ ಆಡುತ್ತಿದ್ದ. ನಿಜವಾದ ಗಿಟಾರನ್ನೇ ಸಿಕ್ಕಿಸಿ, ಪರದೆ ಮೇಲೆ ಬರುವ ಸ್ವರಗಳನ್ನು ನುಡಿಸಿ ಅಂಕ ಗಳಿಸುವ ವಿಡಿಯೋ ಗೇಮ್ ಅದು. ಒಂದು ಹಾಡಿನಲ್ಲಿ 92 ಪರ್ಸೆಂಟ್ ಬಂತು ಅಂತ ಮನೆಯವರನ್ನೆಲ್ಲ ಕೂರಿಸಿಕೊಂಡು ತೋರಿಸಲು ಹೊರಟ. ಸರಿಯಾಗಿ ಆಗಲೇ ಕರೆಂಟ್ ಹೋಯಿತು. "ಬೆರಳಲ್ಲಿ ತಾನೇ ನುಡಿಸೋದು, ಅದಕ್ಕೂ ಕರೆಂಟ್ ಬೇಕೇನೋ?" ಅಂದರು ಅವನ ಅಜ್ಜಿ. ಎಲೆಕ್ಟ್ರಿಕ್ ಗಿಟಾರ್ ಆದರೂ ಸಣ್ಣಗೆ ಸದ್ದು ಬರುತ್ತದೆ, ಪಕ್ಕದಲ್ಲಿ ಕೂತವರಿಗೆ ಕೇಳಿಸುವಷ್ಟು. ಹುಡುಗ ನಾಲ್ಕು ಸ್ವರ ನುಡಿಸಿದ, ಐದನೆಯದಕ್ಕೆ ಕೈ ನಿಂತಿತು.

ಈ ಆಟ ಇಟ್ಟುಕೊಂಡು ಗಿಟಾರ್ ಕಲಿಯಲು ಹೊರಟು ನನ್ನನ್ನು ಕೇಳಿದವರಲ್ಲಿ ಬಹಳ ಜನರ ಕಥೆ ಇದೇ. ಇನ್ನು ಕೆಲವರು ಇಲ್ಲಿವರೆಗೂ ಬಂದಿರುವುದಿಲ್ಲ. ಸರಿಯಾಗಿ ನುಡಿಸಿದರೂ ಆಟ ತಪ್ಪು ಅನ್ನುತ್ತದೆ, ಸದ್ದು ತಡವಾಗಿ ಬರುತ್ತದೆ, ಮಣಿಕಟ್ಟು ನೋಯುತ್ತದೆ, ಹದಿನೈದು ದಿನಕ್ಕೆ ಗಿಟಾರ್ ಬೀರು ಮೇಲೆ ಸೇರುತ್ತದೆ.

ಕಾರಣ ಸೋಮಾರಿತನ ಅಲ್ಲ, ಹೆಜ್ಜೆ ಹಿಂದೆ ಮುಂದೆ ಆಗಿರುವುದು. ಈ ಆಟಕ್ಕೆ ಕಿವಿ ಇದೆ, ಕಣ್ಣಿಲ್ಲ. ಯಾವ ಸ್ವರ ಯಾವಾಗ ಬಂತು ಅಂತ ಕೇಳಿಸಿಕೊಳ್ಳುತ್ತದೆ. ನಿಮ್ಮ ಕೈ ಹೇಗೆ ಸೊಟ್ಟಗಾಗಿದೆ ಅಂತ ನೋಡುವುದಿಲ್ಲ. ಜೊತೆಗೆ ಮುಂದಿನ ಸ್ವರವನ್ನು ಯಾವಾಗಲೂ ತಾನೇ ತೋರಿಸುವುದರಿಂದ ನೀವು ನೆನಪಿಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಈ ಎರಡು ಕೊರತೆಯನ್ನು ಆಟದ ಹೊರಗೆ ತುಂಬಿಕೊಳ್ಳಬೇಕು. ಹೇಗೆ ಅಂತ ಹಂತ ಹಂತವಾಗಿ ಬರೆದಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ.

ಮೊದಲು ಏನೇನು ಬೇಕು

ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ) ಇರುವ ಗಿಟಾರ್. ಎಲೆಕ್ಟ್ರಿಕ್ ಆದರೆ ಒಳ್ಳೆಯದು, ತಂತಿ ಮೆತ್ತಗಿರುತ್ತದೆ. ಹೊಸಬರಿಗೆ 9 ಅಥವಾ 10ರ ಸೆಟ್ ತಂತಿ ಸಾಕು, ಇದು ತಂತಿಯ ದಪ್ಪದ ಅಳತೆ. ಅಂಗಡಿಯಲ್ಲಿ ಹಾಗೇ ಕೇಳಿ, ಕೊಡುತ್ತಾರೆ.

ಆಟದ್ದೇ ಕೇಬಲ್. ಇಲ್ಲಿ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ರಾಕ್‌ಸ್ಮಿತ್ 2014 ಆವೃತ್ತಿ ತನ್ನ ರಿಯಲ್ ಟೋನ್ ಕೇಬಲನ್ನು ಮಾತ್ರ ನೇರವಾಗಿ ಗುರುತು ಹಿಡಿಯುತ್ತದೆ. ಸಿಕ್ಕಿದ ಯುಎಸ್‌ಬಿ ಗಿಟಾರ್ ಕೇಬಲ್ ತಂದರೆ ನೋಡಲು ಒಂದೇ ಥರ ಇರುತ್ತದೆ, ಆಟ ಮಾತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2016ರ ರಿಮಾಸ್ಟರ್ಡ್ ಅಪ್‌ಡೇಟ್ ನಂತರ ಕಂಪ್ಯೂಟರಿನಲ್ಲಿ ಮೈಕ್ ಮೂಲಕವೂ ಆಡಬಹುದು. 2022ರಲ್ಲಿ ಬಂದ ರಾಕ್‌ಸ್ಮಿತ್ ಪ್ಲಸ್‌ನಲ್ಲಿ ಆಡಿಯೋ ಇಂಟರ್‌ಫೇಸ್ (ಗಿಟಾರಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ಅಥವಾ ಫೋನ್ ಮೈಕ್ ಕೂಡ ನಡೆಯುತ್ತದೆ. ನಿಮ್ಮ ಹತ್ತಿರ ಯಾವ ಆವೃತ್ತಿ ಇದೆ ಅಂತ ನೋಡಿಕೊಂಡು ಆಮೇಲೆ ಕೇಬಲ್ ಖರೀದಿ ಮಾಡಿ.

ವೈರ್ ಇರುವ ಹೆಡ್‌ಫೋನ್. ಬ್ಲೂಟೂತ್ ಬೇಡವೇ ಬೇಡ, ಕಾರಣ ಎರಡನೇ ಹಂತದಲ್ಲಿದೆ. ಇವುಗಳ ಜೊತೆ ಕ್ಲಿಪ್ ಟ್ಯೂನರ್ (ಶ್ರುತಿ ತೋರಿಸುವ ಸಾಧನ), ಫೋನಿನಲ್ಲಿ ಒಂದು ಮೆಟ್ರೊನೋಮ್ ಆಪ್ (ತಾಳದ ಪೆಟ್ಟು ಕೊಡುವುದು), ನಾಲ್ಕೈದು ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ), ಸ್ಟ್ರ್ಯಾಪ್, ಒಂದು ಸೆಟ್ ಹೆಚ್ಚುವರಿ ತಂತಿ, ಸ್ಟೀಲ್ ಸ್ಕೇಲ್, ಒಂದು ನೋಟ್‌ಬುಕ್. ಎಫೆಕ್ಟ್ ಪೆಡಲ್, ಆಂಪ್ ಎಲ್ಲ ಈಗ ಬೇಡ. ಆ ದುಡ್ಡು ಉಳಿಸಿ ಗಿಟಾರ್ ಸೆಟಪ್ (ತಂತಿಯ ಎತ್ತರ, ಶ್ರುತಿ ಹೊಂದಿಸುವುದು) ಮಾಡಿಸಿ.

ಹಂತ 1: ಗಿಟಾರನ್ನು ಸರಿ ಮಾಡಿಕೊಳ್ಳಿ

ಹೊಸ ಗಿಟಾರ್ ಬಾಕ್ಸಿನಿಂದ ತೆಗೆದ ಕೂಡಲೇ ಆಟಕ್ಕೆ ಸಿಕ್ಕಿಸಬೇಡಿ. ಮೂರು ಪರೀಕ್ಷೆ ಮಾಡಿ.

1. ತಂತಿಯ ಎತ್ತರ. ಫ್ರೆಟ್ ಅಂದರೆ ಗಿಟಾರಿನ ನೆಕ್ (ಕುತ್ತಿಗೆ) ಮೇಲಿನ ಅಡ್ಡ ಲೋಹದ ಪಟ್ಟಿ. 12ನೇ ಫ್ರೆಟ್ ಮೇಲೆ ಸ್ಕೇಲ್ ನಿಲ್ಲಿಸಿ, ಫ್ರೆಟ್ ಲೋಹದ ತುದಿಯಿಂದ ದಪ್ಪ ತಂತಿಯ ಅಡಿವರೆಗೆ ಎಷ್ಟಿದೆ ಅಳೆಯಿರಿ. ಎಲೆಕ್ಟ್ರಿಕ್ ಗಿಟಾರಿಗೆ ಸುಮಾರು 2 ಮಿಲಿಮೀಟರ್ ಇದ್ದರೆ ಚೆನ್ನ. 3 ದಾಟಿದ್ದರೆ ಪ್ರತಿ ಸ್ವರಕ್ಕೂ ವಿಪರೀತ ಒತ್ತಬೇಕಾಗುತ್ತದೆ. "ನನಗೆ ಬೆರಳಲ್ಲಿ ಶಕ್ತಿ ಇಲ್ಲ" ಅನ್ನುವವರ ಗಿಟಾರ್ ಅಳೆದು ನೋಡಿದ್ದೇನೆ. ತಪ್ಪು ಬೆರಳಿನದ್ದಲ್ಲ, ಎತ್ತರದ್ದು.

2. 12ನೇ ಫ್ರೆಟ್ ಶ್ರುತಿ. ತಂತಿಯನ್ನು ಎಲ್ಲೂ ಒತ್ತದೆ ಸುಮ್ಮನೆ ಮೀಟಿ ಟ್ಯೂನ್ ಮಾಡಿ. ಆಮೇಲೆ ಅದೇ ತಂತಿಯನ್ನು 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಟ್ಯೂನರ್ ಅದೇ ಸ್ವರವನ್ನು ತೋರಿಸಬೇಕು, ಸ್ಥಾಯಿ ಮಾತ್ರ ಮೇಲಿನದು. ಮುಳ್ಳು ತೀರಾ ಆಚೀಚೆ ಹೋದರೆ ನೀವು ಸರಿಯಾಗಿ ಒತ್ತಿದರೂ ಮೇಲಿನ ಫ್ರೆಟ್‌ಗಳಲ್ಲಿ ಆಟ "ತಪ್ಪಿತು" ಅನ್ನುತ್ತದೆ.

3. ಹೊಸ ತಂತಿಯ ಜಗ್ಗಾಟ. ತಂತಿ ಹಾಕಿದ ಮೇಲೆ ಒಂದೊಂದನ್ನೂ ಮೆಲ್ಲಗೆ ಮೇಲಕ್ಕೆ ಎಳೆದು ಬಿಡಿ, ಮತ್ತೆ ಟ್ಯೂನ್ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಶ್ರುತಿ ನಿಲ್ಲುತ್ತದೆ. ಇದನ್ನು ಬಿಟ್ಟರೆ ಹಾಡಿನ ಮಧ್ಯದಲ್ಲೇ ಶ್ರುತಿ ಇಳಿಯುತ್ತದೆ.

ಮೊದಲ ಎರಡರಲ್ಲಿ ತೊಂದರೆ ಕಂಡರೆ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಸೆಟಪ್ ಮಾಡಿಸಿ. ನೆಕ್ ಒಳಗಿನ ಟ್ರಸ್ ರಾಡನ್ನು (ನೆಕ್‌ನ ಬಾಗು ಹೊಂದಿಸುವ ಲೋಹದ ಕಂಬಿ) ವಿಡಿಯೋ ನೋಡಿಕೊಂಡು ನೀವೇ ತಿರುಗಿಸಲು ಹೋಗಬೇಡಿ. ಜಾಸ್ತಿ ತಿರುಗಿಸಿ ಹಾಳಾದರೆ ಸರಿ ಮಾಡುವ ಖರ್ಚು ಗಿಟಾರಿನ ಬೆಲೆಗೇ ಬಂದು ನಿಲ್ಲಬಹುದು.

ಕರಾವಳಿ, ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಮರ ತೇವ ಹೀರಿ ತಂತಿಯ ಎತ್ತರ ಬದಲಾಗುತ್ತದೆ, ತಂತಿಗೂ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಹಳೇ ಪಂಚೆಯ ಒಣ ತುಂಡಿನಿಂದ ತಂತಿ ಒರೆಸಿ. ಗಿಟಾರ್ ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಬೆರಳಿಗೆ ತರಿತರಿ ಅನ್ನಿಸಿದರೆ ತಂತಿ ಬದಲಿಸುವ ಹೊತ್ತಾಯಿತು ಅಂತ ಅರ್ಥ.

ಹಂತ 2: ಕೇಬಲ್, ಗುಂಯ್ ಸದ್ದು, ತಡ

ಈ ಹಂತ ನೀರಸ, ನಿಜ. ಆದರೆ "ಆಟ ನನ್ನ ಗಿಟಾರ್ ಕೇಳಿಸಿಕೊಳ್ಳುತ್ತಿಲ್ಲ" ಎಂಬ ದೂರಿನ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ.

ಕೇಬಲನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ನೇರವಾಗಿ ಹಾಕಿ. ಹಬ್ ಮೂಲಕ ಬೇಡ. ವಿಂಡೋಸ್ ಈ ಕೇಬಲನ್ನು ಮೈಕ್ ಅಂತ ತಿಳಿಯುತ್ತದೆ. ಹಾಗಾಗಿ ಪ್ರೈವೆಸಿ ಸೆಟ್ಟಿಂಗಿಗೆ ಹೋಗಿ ಮೈಕ್ ಬಳಸಲು ಆಪ್‌ಗಳಿಗೆ ಅನುಮತಿ ಇದೆಯಾ ನೋಡಿ. ಗಿಟಾರಿನ ವಾಲ್ಯೂಮ್ ಗುಂಡಿ ಪೂರ್ತಿ ತಿರುಗಿಸಿ, ಆಮೇಲೆ ಆಟದ ಕ್ಯಾಲಿಬ್ರೇಷನ್ (ನಿಮ್ಮ ಗಿಟಾರಿನ ಸದ್ದಿಗೆ ಆಟವನ್ನು ಹೊಂದಿಸುವುದು) ಮಾಡಿ. ಅದು ನುಡಿಸಿ ಅಂದಾಗ ಹಾಡಿನಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸಿ, ಸುಮ್ಮನಿರಿ ಅಂದಾಗ ಅಂಗೈಯಿಂದ ತಂತಿ ಮುಚ್ಚಿ ನಿಜಕ್ಕೂ ಸುಮ್ಮನಿರಿ. ಮೈಕ್ ಬಳಸುವವರು ಫ್ಯಾನ್ ಆಫ್ ಮಾಡಿ. ಅಡುಗೆಮನೆಯ ಮಿಕ್ಸಿ ನಿಂತ ಮೇಲೆ ಶುರು ಮಾಡಿ.

ಗುಂಯ್ ಅನ್ನುವ ಸದ್ದಿನ ಬಗ್ಗೆ ನನ್ನದೇ ಅನುಭವ ಹೇಳುತ್ತೇನೆ. ಬಾಡಿಗೆ ಮನೆಯೊಂದರಲ್ಲಿ ಒಂದು ವಾರ ಕೇಬಲ್ ಬದಲಿಸಿದೆ, ಗಿಟಾರ್ ಬಿಚ್ಚಿದೆ, ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಎಲೆಕ್ಟ್ರೀಷಿಯನ್ ಬಂದು ನೋಡಿದರೆ ಆ ಕೋಣೆಯ ಪ್ಲಗ್ಗಿಗೆ ಅರ್ಥಿಂಗೇ ಇರಲಿಲ್ಲ! ಹಾಗಾಗಿ ಮೊದಲು ಈ ಪರೀಕ್ಷೆ ಮಾಡಿ: ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ತೊಂದರೆ ವಿದ್ಯುತ್ ಕಡೆಯದ್ದು. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಎಲೆಕ್ಟ್ರಿಕ್ ಗಿಟಾರಿನಲ್ಲಿ ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಆದರೆ ತಂತಿ ಮುಟ್ಟಿದರೆ ಚುರುಕ್ ಅಂತ ಶಾಕ್ ಹೊಡೆದಂತಾದರೆ ಕೂಡಲೇ ನಿಲ್ಲಿಸಿ. ವೈರಿಂಗ್ ನೋಡಿಸುವವರೆಗೆ ಆ ಪ್ಲಗ್ ಬಳಸಬೇಡಿ.

ಇನ್ನು ತಡ. ತಂತಿ ಮೀಟಿದ್ದಕ್ಕೂ ಸದ್ದು ಕಿವಿಗೆ ಬೀಳುವುದಕ್ಕೂ ನಡುವಿನ ಅಂತರ. ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟು ಅಂದರೆ 500 ಮಿಲಿಸೆಕೆಂಡ್. ಬ್ಲೂಟೂತ್ ಹೆಡ್‌ಫೋನ್ 100 ಮಿಲಿಸೆಕೆಂಡಿಗೂ ಹೆಚ್ಚು ತಡ ಮಾಡುವುದು ಮಾಮೂಲು. ಅಂದರೆ ಹೆಚ್ಚುಕಡಿಮೆ ಕಾಲು ಪೆಟ್ಟು! ಅದರ ಜೊತೆ ಹೊಂದಿಕೊಳ್ಳಲು ಕೈ ತಾನಾಗಿ ಮುಂಚೆ ಮೀಟುವುದನ್ನು ಕಲಿತುಬಿಡುತ್ತದೆ. ಆಮೇಲೆ ನಾಲ್ಕು ಜನರ ಜೊತೆ ನುಡಿಸಲು ಕೂತಾಗ ನಿಮ್ಮ ತಾಳ ಓಡುತ್ತದೆ.

ಪರೀಕ್ಷೆ ಸುಲಭ. ಹೆಡ್‌ಫೋನಿನ ಒಂದು ಕಿವಿ ತೆಗೆದು ತಂತಿಯನ್ನು ಒಂದೇ ಸಲ ಮೀಟಿ. ಪಿಕ್ಕಿನ "ಟಕ್" ಮತ್ತು ಹೆಡ್‌ಫೋನಿನ "ಟಂ" ಒಂದಾಗಿ ಕೇಳಬೇಕು. ಎರಡಾಗಿ ಕೇಳಿದರೆ ಈ ಕ್ರಮದಲ್ಲಿ ಸರಿ ಮಾಡಿ:

1. ಬ್ಲೂಟೂತ್ ತೆಗೆದು ವೈರ್ ಹಾಕಿ.
2. ಟಿವಿಯಲ್ಲಿ ಆಡುವವರು ಟಿವಿಯ ಗೇಮ್ ಮೋಡ್ ಆನ್ ಮಾಡಿ. ಸದ್ದನ್ನು ಎಚ್‌ಡಿಎಂಐ ಮೂಲಕ ಟಿವಿಗೆ ಕಳಿಸಬೇಡಿ. ಕಂಪ್ಯೂಟರ್ ಅಥವಾ ಕನ್ಸೋಲಿನಿಂದಲೇ ನೇರವಾಗಿ ಹೆಡ್‌ಫೋನಿಗೆ ತೆಗೆದುಕೊಳ್ಳಿ.
3. ಪಿಸಿಯಲ್ಲಿ 2014 ಆವೃತ್ತಿಯ ಫೋಲ್ಡರಿನಲ್ಲಿ ಒಂದು ಐಎನ್ಐ (ಸೆಟ್ಟಿಂಗ್) ಫೈಲ್ ಇರುತ್ತದೆ. ಅದರ ಕಾಪಿ ತೆಗೆದಿಟ್ಟು, ತಡಕ್ಕೆ ಸಂಬಂಧಿಸಿದ ಲೇಟೆನ್ಸಿ ಬಫರ್ ಸಂಖ್ಯೆಯನ್ನು 4ರಿಂದ 3ಕ್ಕೆ, ಆಮೇಲೆ 2ಕ್ಕೆ ಇಳಿಸಿ. ಸದ್ದು ಚಟಪಟ ಅನ್ನಲು ಶುರುವಾದರೆ ಒಂದು ಹೆಜ್ಜೆ ವಾಪಸ್ ಬನ್ನಿ.

ಹಂತ 3: ಮೊದಲ ವಾರ ಆಟ ಬೇಡ

ಹೌದು, ಕೇಬಲ್ ಎಲ್ಲ ಸರಿಯಾದ ಮೇಲೆ ಒಂದು ವಾರ ಆಟ ಮುಚ್ಚಿಡಿ. ಈ ಮಾತು ಕೇಳಿ ಬೇಜಾರಾದವರೇ ಜಾಸ್ತಿ. ಆದರೆ ಕೈ ಕೂರುವ ರೀತಿ ಒಮ್ಮೆ ಕೆಟ್ಟರೆ ಬಿಡಿಸಲು ತಿಂಗಳುಗಟ್ಟಲೆ ಬೇಕು. ಸ್ವರಗಳು ಒಂದರ ಹಿಂದೆ ಒಂದು ಓಡಿ ಬರುವಾಗ ಮಣಿಕಟ್ಟಿನ ಬಗ್ಗೆ ಯೋಚಿಸಲು ಯಾರಿಗೂ ಪುರುಸೊತ್ತು ಸಿಗುವುದಿಲ್ಲ.

ಕೈ ಇಲ್ಲದ ಕುರ್ಚಿಯಲ್ಲಿ ಕೂರಿ. ಸ್ಟ್ರ್ಯಾಪ್ ಹಾಕಿಕೊಂಡೇ ಕೂರಿ, ಆಗ ಎಡಗೈ ನೆಕ್ ಹೊರುವ ಕೆಲಸ ಮಾಡಬೇಕಿಲ್ಲ. ಬಹಳ ಜನ ಫ್ರೆಟ್ ಕಾಣಲಿ ಅಂತ ಗಿಟಾರನ್ನು ಅಂಗಾತ ಮಲಗಿಸಿಕೊಳ್ಳುತ್ತಾರೆ. ಹಾಗೆ ಮಾಡಿದ ಕೂಡಲೇ ಎಡ ಮಣಿಕಟ್ಟು ಕೊಕ್ಕೆಯಂತೆ ಬಾಗುತ್ತದೆ. ನೋವು ಶುರುವಾಗುವುದು ಅಲ್ಲಿಂದಲೇ. ಗಿಟಾರಿನ ಮುಖ ಎದುರಿಗೆ ನೋಡುತ್ತಿರಲಿ. ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ, ನೇರ ಎದುರಿಗೆ ಇರಲಿ.

ಬೆರಳನ್ನು ಫ್ರೆಟ್ ಲೋಹದ ಮೇಲೂ ಅಲ್ಲ, ಎರಡು ಫ್ರೆಟ್ ನಟ್ಟನಡುವೆಯೂ ಅಲ್ಲ, ಲೋಹಕ್ಕೆ ತಾಗುವಷ್ಟು ಹಿಂದೆ ಇಡಿ. ಈಗ ಒತ್ತಡ ಕಲಿಯುವ ಪಾಠ: ಒಂದು ಸ್ವರ ಒತ್ತಿ, ಮೀಟುತ್ತಾ ಮೀಟುತ್ತಾ ಒತ್ತಡ ಸಡಿಲಿಸಿ. ಸ್ವರ ಝರಝರ ಅನ್ನುವ ಜಾಗ ಬರುತ್ತದೆ. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚು ಒತ್ತಿದರೆ ಸಾಕು. ನಾವೆಲ್ಲ ಅದರ ಮೂರರಷ್ಟು ಒತ್ತುತ್ತಿರುತ್ತೇವೆ.

ದಿನಾ 15 ನಿಮಿಷ ಇದೊಂದೇ ಅಭ್ಯಾಸ: ಮೆಟ್ರೊನೋಮ್ 60ಕ್ಕೆ ಇಟ್ಟು, ದಪ್ಪ ತಂತಿಯಲ್ಲಿ 5, 6, 7, 8ನೇ ಫ್ರೆಟ್, ಒಂದೊಂದು ಬೆರಳಿಗೆ ಒಂದೊಂದು. ಪೆಟ್ಟಿಗೊಂದು ಸ್ವರ. ಪಿಕ್ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಹೀಗೆ ಆರೂ ತಂತಿ. 1ರಿಂದ 4ನೇ ಫ್ರೆಟ್ ತನಕ ಅಂತರ ಜಾಸ್ತಿ, ಅಲ್ಲಿ ಶುರು ಮಾಡಿ ಕೈ ಎಳೆಸಿಕೊಳ್ಳಬೇಡಿ.

ಪಿಕ್ ದಿಕ್ಕಿನ ಮೇಲೆ ಯಾಕಿಷ್ಟು ಹಟ? ನೀವು ಎಲ್ಲ ಸ್ವರವನ್ನೂ ಕೆಳಮುಖವಾಗಿಯೇ ಮೀಟಿದರೂ ಆಟಕ್ಕೆ ಗೊತ್ತಾಗುವುದಿಲ್ಲ, ಅಂಕ ಕೊಡುತ್ತಲೇ ಹೋಗುತ್ತದೆ. ವೇಗದ ಹಾಡು ಬಂದ ದಿನ ಕೈ ಕಟ್ಟಿಹಾಕಿದಂತಾಗುತ್ತದೆ.

ಬೆರಳ ತುದಿ ಉರಿಯುವುದು ಸಹಜ, ಎರಡು ಮೂರು ವಾರಕ್ಕೆ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು, ಮುಂಗೈ, ಹೆಬ್ಬೆರಳ ಬುಡದಲ್ಲಿ ನೋವು ಬಂದರೆ ಅದು ಬೇರೆ ಕಥೆ. ಬೆರಳು ಜೋಮು ಹಿಡಿದರೆ ಅಥವಾ ಚುಚ್ಚಿದಂತಾದರೆ ಅಂದಿಗೆ ನಿಲ್ಲಿಸಿ. ವಿಶ್ರಾಂತಿ ಕೊಟ್ಟ ಮೇಲೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಹಂತ 4: ಆಟದ ಸೆಟ್ಟಿಂಗ್

ಎರಡನೇ ವಾರ ಆಟ ತೆರೆಯಿರಿ. ಲೀಡ್ (ಮುಖ್ಯ ರಾಗ ನುಡಿಸುವುದು), ರಿದಮ್ (ತಾಳಕ್ಕೆ ಜೊತೆ ಕೊಡುವುದು), ಬೇಸ್ (ಕೆಳಸ್ಥಾಯಿ) ಅಂತ ದಾರಿ ಕೇಳುತ್ತದೆ. ರಿದಮ್ ಆರಿಸಿ. ಎಲ್ಲರಿಗೂ ಲೀಡ್ ಆಸೆ ಇರುತ್ತದೆ, ಗೊತ್ತು. ಆದರೆ ತಾಳ ಕೂರುವುದು ರಿದಮ್‌ನಲ್ಲಿ. ಇನ್ನೊಬ್ಬರು ಹಾಡುವಾಗ ಜೊತೆಗೆ ನುಡಿಸಲು ಬೇಕಾಗುವುದೂ ಅದೇ.

ತಂತಿಗಳಿಗೆ ಬಣ್ಣ ಇರುತ್ತದೆ. ದಪ್ಪದಿಂದ ತೆಳುವಿಗೆ ಕೆಂಪು, ಹಳದಿ, ನೀಲಿ, ಕಿತ್ತಳೆ, ಹಸಿರು, ನೇರಳೆ. ಪರದೆ ಮೇಲೆ ತಂತಿಗಳ ಸಾಲನ್ನು ತಲೆಕೆಳಗು ಮಾಡುವ ಆಯ್ಕೆಯೂ ಇದೆ. ಮೊದಲ ದಿನವೇ ಎರಡನ್ನೂ ನೋಡಿ ಒಂದನ್ನು ಆರಿಸಿ, ಆಮೇಲೆ ಜನ್ಮದಲ್ಲಿ ಬದಲಿಸಬೇಡಿ. ಒಂದು ಎಚ್ಚರಿಕೆ: ಬಣ್ಣದಲ್ಲೇ ಯೋಚಿಸುವುದು ರೂಢಿಯಾದರೆ ನಿಮ್ಮ ಗಿಟಾರಿನ ಮೇಲೆ ಆ ಬಣ್ಣ ಇರುವುದಿಲ್ಲ, ಅಲ್ವಾ? ನುಡಿಸುವಾಗ "ಐದನೇ ತಂತಿ, ಮೂರನೇ ಫ್ರೆಟ್" ಅಂತ ಬಾಯಲ್ಲಿ ಹೇಳಿಕೊಳ್ಳಿ. ತೆಳು ತಂತಿ 1, ದಪ್ಪದ್ದು 6.

ಈಗ ಮುಖ್ಯ ವಿಷಯ. ಆಟ ಮೊದಲು ಹಾಡಿನ ಕೆಲವೇ ಸ್ವರ ತೋರಿಸುತ್ತದೆ. ನೀವು ಸರಿಯಾಗಿ ನುಡಿಸಿದಂತೆ ಸ್ವರ ಸೇರಿಸುತ್ತಾ ಹೋಗುತ್ತದೆ, ತಪ್ಪಿದರೆ ಕಡಿಮೆ ಮಾಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಕೈ ಒಂದು ಅರೆಬರೆ ಹಾಡನ್ನು ಕಲಿತಿರುತ್ತದೆ, ಅದರ ಬೆರಳ ಜೋಡಣೆಯೇ ಬೇರೆ. ಮುಂದಿನ ಸಲ ನಡುವೆ ಎರಡು ಹೊಸ ಸ್ವರ ತೂರಿಕೊಂಡಾಗ ಕಲಿತದ್ದನ್ನು ಮರೆತು ಮತ್ತೆ ಕಲಿಯಬೇಕು. ಇದನ್ನು ಪರಿಚಯಕ್ಕೆ ಮಾತ್ರ ಬಳಸಿ. ಹೊಸ ಹಾಡಿಗೆ ಎರಡು ಸಲ ಸಾಕು. ನಿಜವಾದ ಕಲಿಕೆಗೆ ರಿಫ್ ರಿಪೀಟರ್‌ಗೆ ಹೋಗಿ, ಹಾಡಿನ ಒಂದು ತುಂಡನ್ನೇ ಮತ್ತೆ ಮತ್ತೆ ನುಡಿಸುವ ಭಾಗ ಅದು.

ಹಾಡು ಆರಿಸುವಾಗ ಮಾಮೂಲಿ ಟ್ಯೂನಿಂಗಿನವನ್ನೇ ಆರಿಸಿ. ಪ್ರತಿ ಹಾಡಿಗೂ ತಂತಿ ಇಳಿಸಿ ಏರಿಸುತ್ತಾ ಕೂತರೆ ಅರ್ಧ ಸಮಯ ಟ್ಯೂನರ್ ಮುಂದೆಯೇ ಹೋಗುತ್ತದೆ, ತಂತಿಯೂ ಬೇಗ ಸಾಯುತ್ತದೆ. ಮೊದಲ ಮೂರು ತಿಂಗಳಿಗೆ ಮೂರೇ ಹಾಡು.

ಹಂತ 5: ಒಂದು ಹಾಡನ್ನು ತುಂಡು ಮಾಡಿ ಕಲಿಯುವ ವಿಧಾನ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುತ್ತೇನೆ ಅನ್ನುವವರು ಇದನ್ನು ಓದಿ.

1. ಗಿಟಾರ್ ಕೆಳಗಿಟ್ಟು ಹಾಡನ್ನು ಮೂರು ಸಲ ಕೇಳಿ. ಮೂರನೇ ಸಲ ತೊಡೆ ಮೇಲೆ ತಾಳ ಹಾಕಿ. ತಾಳ ತಪ್ಪುತ್ತಿದ್ದರೆ ಇನ್ನೂ ಕೇಳಿ.

2. ರಿಫ್ ರಿಪೀಟರ್‌ನಲ್ಲಿ ಚಿಕ್ಕ ತುಂಡು ಆರಿಸಿ, ಹೆಚ್ಚೆಂದರೆ 8 ಸೆಕೆಂಡಿನದ್ದು. ಕಷ್ಟದ ಮಟ್ಟ 100 ಪರ್ಸೆಂಟ್ ಇಡಿ, ಅಂದರೆ ಎಲ್ಲ ಸ್ವರವೂ ಕಾಣಲಿ. ವೇಗ 50 ಅಥವಾ 60ಕ್ಕೆ ಇಳಿಸಿ. ತಾನಾಗಿ ವೇಗ ಏರಿಸುವ ಆಯ್ಕೆ ಆಫ್ ಇರಲಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ: ಸ್ವರ ಕಡಿಮೆ, ವೇಗ ಪೂರ್ತಿ.

3. ಸತತ ಮೂರು ಸಲ ಶುದ್ಧವಾಗಿ ಬಂದರೆ ಮಾತ್ರ ವೇಗ 5 ಏರಿಸಿ. ಶುದ್ಧ ಅಂದರೆ ಆಟದ ಗುರುತಲ್ಲ, ನಿಮ್ಮ ಕಿವಿಯ ತೀರ್ಪು. ಕಾರ್ಡ್‌ನ (ಒಟ್ಟಿಗೆ ಮೀಟುವ ಹಲವು ಸ್ವರದ ಗುಂಪು) ಒಂದು ತಂತಿ ಸದ್ದಿಲ್ಲದೆ ಸತ್ತಿದ್ದರೂ ಎಷ್ಟೋ ಸಲ ಆಟ ಸರಿ ಅಂತಲೇ ಗುರುತು ಹಾಕುತ್ತದೆ. ಪಕ್ಕದ ತಂತಿ ಸುಮ್ಮನೆ ಗುನುಗುತ್ತಿದ್ದರೂ ಗಮನಿಸುವುದಿಲ್ಲ. ದಿನಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಾಚಿಕೆಯಾಗುತ್ತದೆ, ಪರವಾಗಿಲ್ಲ.

4. ಒಂದೇ ಜಾಗದಲ್ಲಿ ಐದು ಸಲ ಎಡವಿದರೆ ಆಟ ನಿಲ್ಲಿಸಿ. ಆ ಎರಡು ಸ್ವರದ ನಡುವಿನ ನೆಗೆತವನ್ನಷ್ಟೇ, ತಾಳವಿಲ್ಲದೆ, ಇಪ್ಪತ್ತು ಸಲ ನಿಧಾನ ಮಾಡಿ. ತಪ್ಪು ಸಾಮಾನ್ಯವಾಗಿ ಸ್ವರದಲ್ಲಿರುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿರುತ್ತದೆ.

5. ಎರಡನೇ ತುಂಡು ಕಲಿತ ಮೇಲೆ ಜೋಡಿಸುವಾಗ ಮೊದಲ ತುಂಡಿನ ಕೊನೆಯ ಎರಡು ಸೆಕೆಂಡ್ ಸೇರಿಸಿಕೊಂಡು ಅಭ್ಯಾಸ ಮಾಡಿ. ಇಲ್ಲದಿದ್ದರೆ ಎರಡೂ ತುಂಡು ಬರುತ್ತದೆ, ಹೊಲಿಗೆ ಮಾತ್ರ ಬಿಚ್ಚಿಕೊಳ್ಳುತ್ತದೆ.

6. ಹಾಡು ಪೂರ್ತಿ ವೇಗಕ್ಕೆ ಬಂದ ಮೇಲೆ ಮಾಸ್ಟರ್ ಮೋಡ್ ಇದೆ. ನೀವು ಚೆನ್ನಾಗಿ ನುಡಿಸಿದಂತೆ ಪರದೆಯ ಸ್ವರಗಳು ಮಾಸುತ್ತಾ ಹೋಗುತ್ತವೆ. ತಲೆ ಕೆಲಸ ಮಾಡಲು ಶುರುವಾಗುವುದು ಇಲ್ಲಿ. ಅಂಕ ಕುಸಿಯುತ್ತದೆ, ಅದನ್ನು ನೋಡಿ ಮೋಡ್ ಆಫ್ ಮಾಡಬೇಡಿ.

7. ಮುಂದೆ ಸ್ಕ್ರೀನಿಗೆ ಬೆನ್ನು ಹಾಕಿ ಕೂತು ನುಡಿಸಿ, ಹಾಡು ಹಿಂದಿನಿಂದ ಬರುತ್ತಿರಲಿ. ಅದಾದ ಮೇಲೆ ಕರೆಂಟ್ ಪರೀಕ್ಷೆ: ಎಲ್ಲ ಆಫ್. ಕೇಬಲ್ ಕಿತ್ತು, ಕಾಲಲ್ಲಿ ತಾಳ ಹಾಕುತ್ತಾ ಶುರುವಿಂದ ಕೊನೆವರೆಗೆ. ಇದರಲ್ಲಿ ಪಾಸಾದರೆ ಆ ಹಾಡು ನಿಮ್ಮದು. 92 ಪರ್ಸೆಂಟ್ ಲೆಕ್ಕಕ್ಕಿಲ್ಲ.

ಹಂತ 6: ಆಟದ ಹೊರಗಿನ ಅಭ್ಯಾಸ

ಕಾರ್ಡ್ ಬದಲಾವಣೆ. ಇಎಂ (ಇ ಮೈನರ್), ಎಎಂ (ಎ ಮೈನರ್), ಸಿ, ಜಿ, ಡಿ, ಈ ಐದು ಸಾಕು. ಎರಡನ್ನು ಆರಿಸಿ, ಒಂದು ನಿಮಿಷ ಟೈಮರ್ ಇಟ್ಟು ಎಷ್ಟು ಸಲ ಬದಲಾಯಿಸಿದಿರಿ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ. 30 ದಾಟಿದರೆ ನಿಧಾನದ ಹಾಡಿಗೆ ಸಾಕು, 60ರ ಹತ್ತಿರ ಬಂದರೆ ಬಹುತೇಕ ಹಾಡಿಗೆ. ಸಿ ಮತ್ತು ಜಿ ಜೋಡಿ ಎಲ್ಲರಿಗೂ ಅಳು ಬರಿಸುತ್ತದೆ, ಅದಕ್ಕೆ ಹೆಚ್ಚು ದಿನ ಕೊಡಿ.

ಸ್ಕೇಲ್ (ಅಳೆಯುವುದಲ್ಲ, ಸ್ವರಗಳ ಏರಿಳಿತದ ಸಾಲು). ಚಿಕ್ಕಂದಿನಲ್ಲಿ ಸರಳೆ ವರಸೆ ಹಾಡಿದವರಿಗೆ ಇಲ್ಲಿ ಲಾಭ ಇದೆ. ಸಿ ಮೇಜರ್ ಸ್ಕೇಲಿನ ಸ್ವರಗಳು ಶಂಕರಾಭರಣದವೇ, ಸಿ ಅನ್ನು ಷಡ್ಜ ಅಂದುಕೊಂಡರೆ ಆಯಿತು. ಐದನೇ ತಂತಿಯ 3ನೇ ಫ್ರೆಟ್ ಸ. ನಾಲ್ಕನೇ ತಂತಿ ಸುಮ್ಮನೆ ಮೀಟಿದರೆ ರಿ, 2ರಲ್ಲಿ ಗ, 3ರಲ್ಲಿ ಮ. ಮೂರನೇ ತಂತಿ ಸುಮ್ಮನೆ ಪ, 2ರಲ್ಲಿ ದ. ಎರಡನೇ ತಂತಿ ಸುಮ್ಮನೆ ನಿ, 1ರಲ್ಲಿ ಮೇಲಿನ ಸ. ಮೆಟ್ರೊನೋಮನ್ನು 60ರಲ್ಲೇ ಬಿಟ್ಟು ಮೊದಲ ಕಾಲದಲ್ಲಿ ಪೆಟ್ಟಿಗೊಂದು, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು ಸ್ವರ. ಮೊದಲ ಕಾಲ ನೆಟ್ಟಗಾಗುವ ತನಕ ಪಾಠದ ಮೇಷ್ಟ್ರು ಎರಡನೆಯದಕ್ಕೆ ಬಿಡುತ್ತಿರಲಿಲ್ಲ ಅಲ್ವಾ, ಇಲ್ಲಿಯೂ ಅದೇ ಕಟ್ಟುನಿಟ್ಟು.

ಕಿವಿ. ಆಟದ ಟ್ಯೂನರ್ ಇದೆ ಅಂತ ಕಿವಿಗೆ ರಜೆ ಕೊಡಬೇಡಿ. ದಪ್ಪ ತಂತಿಯನ್ನು ಸ ಅಂದುಕೊಂಡರೆ ಅದರ ಮುಂದಿನ ತಂತಿ ಶುದ್ಧ ಮಧ್ಯಮ. ಅದನ್ನು ಸ ಮಾಡಿದರೆ ಮುಂದಿನದು ಮತ್ತೆ ಮ. ಹೀಗೇ ಸಾಗುತ್ತದೆ, ಮೂರರಿಂದ ಎರಡನೇ ತಂತಿಗೆ ಹೋಗುವಾಗ ಮಾತ್ರ ಸ ಇಂದ ಅಂತರ ಗಾಂಧಾರ. ಮೊದಲು ಹಾಡಿ ನೋಡಿ, ಆಮೇಲೆ ತಂತಿ ತಿರುಗಿಸಿ, ಕೊನೆಗೆ ಟ್ಯೂನರ್‌ನಲ್ಲಿ ತಾಳೆ ನೋಡಿ. ಒಂದು ತಿಂಗಳಲ್ಲಿ ಶ್ರುತಿ ತಪ್ಪಿದ್ದು ಟ್ಯೂನರ್ ಇಲ್ಲದೆ ಗೊತ್ತಾಗುತ್ತದೆ.

ಸೆಷನ್ ಮೋಡ್. ಆಟದೊಳಗಿನ ವಾದ್ಯಗಾರರು ನಿಮ್ಮ ನುಡಿಸುವಿಕೆಗೆ ತಕ್ಕಂತೆ ಜೊತೆ ಕೊಡುವ ಭಾಗ ಇದು. ಸ್ಕೇಲ್ ಗೊತ್ತಿಲ್ಲದೆ ಹೋದರೆ ಐದು ನಿಮಿಷಕ್ಕೆ ಬೇಜಾರಾಗುತ್ತದೆ. ಮೊದಲು ಎ ಮೈನರ್ ಪೆಂಟಟೋನಿಕ್ ಎಂಬ ಐದು ಸ್ವರದ ಸ್ಕೇಲ್ ಕಲಿಯಿರಿ. ದಪ್ಪ ತಂತಿಯಿಂದ ಶುರು ಮಾಡಿ ಫ್ರೆಟ್‌ಗಳು: 5-8, 5-7, 5-7, 5-7, 5-8, 5-8. ಸ ಗ ಮ ಪ ನಿ, ಶುದ್ಧ ಧನ್ಯಾಸಿಯ ಸ್ವರಗಳೇ. ಗಮಕ ಇಲ್ಲದೆ ರಾಗ ಅಲ್ಲ, ಎಲುಬು ಅಷ್ಟೇ, ಆದರೆ ಕಿವಿಗೆ ಪರಿಚಯದ ಜಾಗ. ಮೂರೇ ಸ್ವರ ಬಳಸಿ ಒಂದು ಮಾತು ಆಡಿ, ಸುಮ್ಮನಿರಿ, ಮತ್ತೆ ಆಡಿ.

ಗಿಟಾರ್‌ಕೇಡ್ ಅಂತ ಚಿಕ್ಕ ಆಟಗಳೂ ಇವೆ. ಊಟದ ಕೊನೆಗೆ ಬಾಳೆಹಣ್ಣು ಇದ್ದಂತೆ, ಐದು ನಿಮಿಷ ಸಾಕು.

ಹಂತ 7: ದಿನದ ಲೆಕ್ಕ

45 ನಿಮಿಷ ಇದ್ದರೆ: 5 ಶ್ರುತಿ ಮತ್ತು ಬೆರಳ ಅಭ್ಯಾಸ, 10 ಕಾರ್ಡ್ ಅಥವಾ ಸ್ಕೇಲ್, 20 ಆಟ, ಕೊನೆಯ 10 ಎಲ್ಲ ಆಫ್ ಮಾಡಿ ಅಂದು ಕಲಿತದ್ದು. 20 ನಿಮಿಷ ಮಾತ್ರ ಇದ್ದರೆ 5 ಶ್ರುತಿ ಮತ್ತು ಬೆರಳು, 10 ಆಟ, ಕೊನೆಯ 5 ಎಲ್ಲ ಆಫ್. ಕೊನೆಯ ಭಾಗವನ್ನು ಮಾತ್ರ ಕತ್ತರಿಸಬೇಡಿ. ಎಲ್ಲರೂ ಕತ್ತರಿಸುವುದು ಅದನ್ನೇ.

ವಾರವೆಲ್ಲ ಬಿಟ್ಟು ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಮೇಲು. ಗಿಟಾರನ್ನು ಬ್ಯಾಗಿನಲ್ಲಿ ಮುಚ್ಚಿಡದೆ ಸ್ಟ್ಯಾಂಡಿನಲ್ಲಿ ಕಣ್ಣಿಗೆ ಬೀಳುವಂತೆ ಇಡಿ. ಮಳೆಗಾಲದಲ್ಲಿ ಮಾತ್ರ ರಾತ್ರಿ ಬ್ಯಾಗಿಗೆ ಹಾಕಿ.

ಈ ಸೂಚನೆ ಕಂಡರೆ ನಿಲ್ಲಿಸಿ ನೋಡಿ

ಅಂಕ ಏರುತ್ತಿದೆ, ಆದರೆ ನಿನ್ನೆಯ ತುಂಡು ಇಂದು ಸ್ಕ್ರೀನ್ ಇಲ್ಲದೆ ಬರುತ್ತಿಲ್ಲ: ಐದನೇ ಹಂತದ 6 ಮತ್ತು 7 ಬಿಟ್ಟಿದ್ದೀರಿ. ಹೊಸ ಹಾಡು ಮುಟ್ಟಬೇಡಿ.

ಒಂದೇ ತಂತಿಯ ಸ್ವರಗಳು ಮಾತ್ರ ತಪ್ಪು ಅಂತ ಬರುತ್ತಿವೆ: ಶ್ರುತಿ ನೋಡಿ, ಆ ತಂತಿ ಹಳತಾಗಿದೆಯಾ ನೋಡಿ. ಎಲ್ಲ ತಂತಿಯೂ ತಪ್ಪಾದರೆ ಕ್ಯಾಲಿಬ್ರೇಷನ್ ಮತ್ತೆ ಮಾಡಿ.

ಎಲ್ಲ ಸ್ವರವೂ "ತಡ" ಅಥವಾ "ಬೇಗ" ಅಂತ ಒಂದೇ ಥರ ಬರುತ್ತಿದೆ: ಕೈ ತಪ್ಪಲ್ಲ, ಎರಡನೇ ಹಂತಕ್ಕೆ ವಾಪಸ್. ಒಮ್ಮೆ ತಡ, ಒಮ್ಮೆ ಬೇಗ ಬರುತ್ತಿದ್ದರೆ ಅದು ನಿಮ್ಮ ತಾಳ.

ಹಲ್ಲು ಕಚ್ಚಿಕೊಂಡು, ಭುಜ ಕಿವಿಗೆ ತಾಗುವಂತೆ ಎತ್ತಿಕೊಂಡು ನುಡಿಸುತ್ತಿದ್ದೀರಿ: ವೇಗ 10 ಇಳಿಸಿ.

ಹಂತ 8: ಮೂರನೇ ತಿಂಗಳಲ್ಲಿ ಒಬ್ಬ ಮೇಷ್ಟ್ರು

ಇಷ್ಟೆಲ್ಲ ಮಾಡಿದರೂ ನಿಮ್ಮ ಕೈ ನೋಡುವ ಕಣ್ಣು ಒಂದು ಬೇಕು. ತಿಂಗಳ ಫೀಸ್ ಕಟ್ಟಿ ಸೇರಬೇಕು ಅಂತೇನಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ಗಂಟೆಯ ಪಾಠಕ್ಕೆ ಹೋಗಿ. ಆಟದ ವಿಷಯ ಎತ್ತಬೇಡಿ. ಕೆಲವರಿಗೆ ಕೇಳಿದ ಕೂಡಲೇ ಮುಖ ಸಿಂಡರಿಸುತ್ತದೆ. ಸ್ಕ್ರೀನ್ ಇಲ್ಲದೆ ಬರುವ ಒಂದು ಹಾಡು ನುಡಿಸಿ ತೋರಿಸಿ, ಮೂರೇ ಪ್ರಶ್ನೆ ಕೇಳಿ: "ಸಾರ್, ಎಡಗೈ ಹೆಬ್ಬೆರಳು ಸರಿ ಇದೆಯಾ? ಪಿಕ್ ಹಿಡಿದಿರೋದು ಸರಿನಾ? ಎಲ್ಲಿ ತಾಳ ಓಡ್ತಿದೆ?" ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಅಲ್ಲೇ ಬರೆದುಕೊಳ್ಳಿ, ಮನೆಗೆ ಬಂದು ಅದೇ ಹಾಡನ್ನು ಮತ್ತೆ 60 ಪರ್ಸೆಂಟ್ ವೇಗದಿಂದ ಶುರು ಮಾಡಿ.